ಕಾಳವ್ವ ತಿರುವಿ ಹಿಡಿದ ಪುಸ್ತಕ

ವೇದಿಕೆಯ ನಡುವಿನ ಕುರ್ಚಿಯಲ್ಲಿ ಕುಳಿತಿರುವ ಅಧ್ಯಕ್ಷರಾದ ಚಂದ್ರಶೇಖರಪ್ಪನವರೇ, ಹುನಗುಂದದಿಂದ ಧೂಳು ಕುಡಿಯುತ್ತ ಬಂದಿರುವ ಇನ್ಸ್‌ಪೆಕ್ಟರ್ ಸಾಹೇಬರೇ, ನನ್ನ ಜೊತೆ ಸೀಮೆಸುಣ್ಣ ತೇಯ್ದ ಸಹೋದ್ಯೋಗಿಗಳೇ, ಮಗ್ಗ ನಿಲ್ಲಿಸಿ ಬಂದಿರುವ ಓಣಿಯ ಅಣ್ಣತಮ್ಮಂದಿರೇ, ತಾಯಂದಿರೇ, ಮುಂದೆ ನೆಲದ ಮೇಲೆ ಕೂತು ಒಬ್ಬರನ್ನೊಬ್ಬರು ಚಿವುಟುತ್ತಿರುವ ನನ್ನ ಮಕ್ಕಳೇ, ಮತ್ತು ಸಭಿಕರೇ,

ಐದು ನಿಮಿಷದಲ್ಲಿ ಮುಗಿಸಬೇಕೆಂದು ಅಧ್ಯಕ್ಷರು ಆಗಲೇ ಕೈಗಡಿಯಾರ ತೋರಿಸಿದ್ದಾರೆ. ಹತ್ತು ವರ್ಷ ಇಳಕಲ್ಲಿನ ಮಕ್ಕಳನ್ನು 'ಕೂಡು, ಕೂಡು' ಎಂದು ಕೂಡಿಸಿದವಳು ನಾನು. ಇವತ್ತು ನನ್ನನ್ನು ಯಾರೂ ಕೂಡಿಸಲು ಬರಬೇಡಿ. ನಾ ಕೂಡಾಕಿ ಅಲ್ಲ!

ನನ್ನ ಬೀಳ್ಕೊಡುಗೆಗೆ ಇಷ್ಟು ಜನ ಬಂದಿದ್ದೀರಿ. ಮಾತಾಡಿದವರೆಲ್ಲ ಏನೆಂದರು? ಇಂದ್ರವ್ವ ಅಕ್ಕೋರ ವರ್ಗದ ಮಕ್ಕಳು ನೀರು ಕುಡಿದಷ್ಟು ಸಲೀಸಾಗಿ ಓದುತ್ತಾರೆ ಎಂದರು. ಸಾಹೇಬರಂತೂ ಎಪ್ಪತ್ತೊಂಬತ್ತರ ಜನವರಿಯಲ್ಲಿ ತಾವು ಬರೆದ ತಪಾಸಣೆ ವರದಿಯನ್ನೇ ಓದಿ ತೋರಿಸಿದರು: 'ಮೂರನೇ ವರ್ಗದ ವಾಚನ ಅತ್ಯುತ್ತಮ.' ಆ ಒಂದು ಸಾಲಿನ ಬಲದ ಮೇಲೆ ನನಗೆ ಬಾದಾಮಿ ಕಡೆಯ ಸಾಲಿಯ ಮುಖ್ಯೋಪಾಧ್ಯಾಯಿನಿ ಹುದ್ದೆ ಸಿಕ್ಕಿದೆ. ಸೋಮವಾರ ನಸುಕಿನ ಬಸ್ಸಿಗೆ ಹೊರಡುತ್ತೇನೆ. ಹೊರಡುವ ಮೊದಲು ಆ ಸಾಲಿನ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಎರಡು ವರ್ಷದಿಂದ ಈ ಮಾತನ್ನು ಮುಂದೂಡುತ್ತ ಬಂದಿದ್ದೇನೆ.

ನಾನು ಹುಟ್ಟಿದ್ದು ಬೇವೂರಿನಲ್ಲಿ. ನಮಗೆ ಕಲಿಸಿದ ಮಾಸ್ತರರು ಪಾಠ ಹೇಳುತ್ತಿದ್ದರು, ನಾವು ಹಿಂದಿನಿಂದ ಒದರುತ್ತಿದ್ದೆವು. ನಾನೂ ಹಾಗೇ ಕಲಿಸಿದೆ. ನನ್ನ ನಲವತ್ತೆರಡು ಮಕ್ಕಳು ಒಂದೇ ದನಿಯಲ್ಲಿ ಇಡೀ ಪುಸ್ತಕ ಒದರಿದರೆ ಬಜಾರದವರು ನಿಂತು ಕೇಳುತ್ತಿದ್ದರು. ನನಗೋ ಎಂಥ ಹೆಮ್ಮೆ! ಹೋಗುವಾಗ ಬರುವಾಗ ಸೆರಗು ಸರಿಮಾಡಿಕೊಂಡು ತಲೆಯೆತ್ತಿ ನಡೆಯುತ್ತಿದ್ದೆ. ಕೆಲವು ಮಕ್ಕಳು ಕಣ್ಣು ಮುಚ್ಚಿಕೊಂಡೂ ಓದುತ್ತಿದ್ದರು. ಕಣ್ಣು ಮುಚ್ಚಿಕೊಂಡು ಓದುವುದು ಹೇಗೆ ಎಂದು ನನಗೇಕೆ ಹೊಳೆಯಲಿಲ್ಲ? ಹೊಳೆದಿದ್ದರೆ ಹೆಮ್ಮೆ ಎಲ್ಲಿ ಉಳಿಯುತ್ತಿತ್ತು?

ಅದೇ ವರ್ಗದಲ್ಲಿ ಕಾಳವ್ವ ಎಂಬ ಎಂಟು ವರ್ಷದ ಹುಡುಗಿ ಇದ್ದಳು. ನೇಕಾರ ಯಮನೂರಪ್ಪನ ಮಗಳು. ಪುಸ್ತಕಗಳು ಕಡಿಮೆ ಇದ್ದವು, ನಾಲ್ವರಿಗೆ ಒಂದು. ಇಬ್ಬರು ಈ ಕಡೆ, ಇಬ್ಬರು ಆ ಕಡೆ, ನಡುವೆ ಪುಸ್ತಕ. ಕಾಳವ್ವ ಯಾವಾಗಲೂ ಆ ಕಡೆಯೇ ಕೂಡುತ್ತಿದ್ದಳು. ಪಾಟಿಯ ಮೇಲೆ ಬರೆದರೆ, ಎದುರು ನಿಂತ ನನಗೆ ಅಕ್ಷರ ನೆಟ್ಟಗೆ ಕಾಣುತ್ತಿತ್ತು. ಎಂಥ ಮರ್ಯಾದೆಯ ಹುಡುಗಿ, ಅಕ್ಕೋರಿಗೆಂದು ಪಾಟಿ ತಿರುವಿ ತೋರಿಸುತ್ತಾಳೆ ಅಂದುಕೊಂಡೆ. ಅವಳು ತಿರುವಿರಲೇ ಇಲ್ಲ ಸಭಿಕರೇ! ಬರೆದದ್ದೇ ಹಾಗೆ.

ಓಣಿಯಲ್ಲಿ ಹೆಣ್ಣುಮಕ್ಕಳಿಗೆ ಎಂಟು ತುಂಬಿದರೆ ಮಗ್ಗಕ್ಕೆ ನೂಲಿನ ಕಂಡಿಕಿ ಸುತ್ತಲು ರಾಟಿಯ ಮುಂದೆ ಕೂಡಿಸುವುದು ನಿಮಗೆಲ್ಲ ಗೊತ್ತು. ಯಮನೂರಪ್ಪನೂ ಮಗಳನ್ನು ಸಾಲಿ ಬಿಡಿಸುವವನಿದ್ದ. ನಾನು ಹೋಗಿ ಜಗಳ ತೆಗೆದೆ. ಅವನೆಂದ, "ಆತ್ರಿ ಅಕ್ಕೋರ. ಸಾಹೇಬ್ರು ಬಂದಾಗ ನಾನೂ ಬರ್ತೇನಿ. ಅವರ ಮುಂದ ನನ್ನ ಮಗಳು ಓದಿದ್ಳಂದ್ರ ಸಾಲಿಗೆ ಇರ್ಲಿ. ಇಲ್ಲಾಂದ್ರ ರಾಟಿ." ನಾನು ಎದೆ ತಟ್ಟಿ ಒಪ್ಪಿಕೊಂಡೆ.

ಸಾಹೇಬರು ಬಂದರು. ಯಮನೂರಪ್ಪ ಗೋಡೆಗೆ ಒರಗಿ ನಿಂತಿದ್ದ. ಕಾಳವ್ವನನ್ನು ಎಬ್ಬಿಸಿದೆ. ಎದ್ದಳು, ಪುಸ್ತಕ ತೆಗೆದುಕೊಂಡಳು, ತಲೆಕೆಳಗಾಗಿ ಹಿಡಿದಳು! ಅಯ್ಯೋ, ನನ್ನ ಮಾನ ಹೋಯಿತಲ್ಲ ಎಂದು ಓಡಿ ಹೋಗಿ ಬೆನ್ನಿಗೊಂದು ಬಾರಿಸಿದೆ. "ಕಣ್ಣ ಕಾಣ್ತಾವಿಲ್ಲ? ನೆಟ್ಟಗ ಹಿಡಿ!" ಎಂದು ಪುಸ್ತಕ ತಿರುವಿ ಕೈಗಿಟ್ಟೆ. ಮಕ್ಕಳು ನಕ್ಕರು. ಸಾಹೇಬರೂ ನಕ್ಕರು. ಕ್ಷಮಿಸಿ ಸಾಹೇಬರೇ, ನಕ್ಕಿದ್ದಿರಿ. ಹುಡುಗಿ ಪುಟ ನೋಡುತ್ತಾಳೆ, ನೋಡುತ್ತಾಳೆ, ಒಂದಕ್ಷರವೂ ಬರುತ್ತಿಲ್ಲ. ಮುಂದಿನ ಹುಡುಗನನ್ನು ಎಬ್ಬಿಸಿದೆ. ಅವನು ಬೆರಳಿಟ್ಟು ಒಂದೇ ಉಸಿರಿಗೆ ಪಾಠ ಓದಿ ಮುಗಿಸಿದ. ಬೆರಳು ಬೇರೆ ಪಾಠದ ಮೇಲಿತ್ತು, ಅದು ನನ್ನ ಕಣ್ಣಿಗೆ ಮಾತ್ರ ಬಿತ್ತು. ಸಾಹೇಬರು ಅವನಿಗೆ ಪೆನ್ಸಿಲ್ ಕೊಟ್ಟರು, ನನಗೆ 'ಅತ್ಯುತ್ತಮ' ಕೊಟ್ಟರು. ಮರುದಿನ ಕಾಳವ್ವನ ಜಾಗ ಖಾಲಿ.

ವಾರ ಬಿಟ್ಟು ಅವರ ಮನೆಗೆ ಹೋದೆ. ಯಮನೂರಪ್ಪ ಮಗ್ಗದ ಕುಣಿಯಲ್ಲಿದ್ದ. ನಾನು ಕಟ್ಟೆಯ ಮೇಲೆ ಕೂತೆ. ನನ್ನ ಎದುರಿಗೇ ಕಾಳವ್ವ ರಾಟಿ ತಿರುಗಿಸುತ್ತಿದ್ದಳು, ಮುಖ ಎತ್ತಲಿಲ್ಲ. ಬಾಗಲಕೋಟೆಯ ಬೋರ್ಡಿಂಗಿನಲ್ಲಿ ಓದುವ ಅವಳ ಅಣ್ಣ ಶಂಕ್ರಪ್ಪನಿಂದ ಕಾರ್ಡು ಬಂದಿತ್ತು. "ಬಂದೀರಲ್ರಿ, ಓದಿ ಹೇಳ್ರಿ" ಎಂದು ಅಪ್ಪ ಕೊಟ್ಟ. ಮೊಣಕಾಲ ಮೇಲಿಟ್ಟುಕೊಂಡು ಕ್ಷೇಮಸಮಾಚಾರ ಓದುತ್ತಿದ್ದೆ. ರಾಟಿ ನಿಂತಿತು. "ಅಕ್ಕೋರ," ಅಂದಳು, "ಕೆಳಗಿಂದು ಓದ್ರಿ. ಅಣ್ಣಾ ನನಗ ಕೇಳ್ಯಾನ. ಕಾಳಿ ಎಷ್ಟನೇ ಪಾಠಕ್ಕ ಬಂದಾಳ ಅಂತ ಬರದಾನ."

ಕೆಳಗೆ ನೋಡಿದೆ. ಹಾಗೇ ಇತ್ತು. ಆ ಹುಡುಗಿ ಎದುರು ಕೂತು, ತಲೆಕೆಳಗಾದ ಕಾರ್ಡನ್ನು, ನನಗಿಂತ ಮುಂಚೆ ಓದಿ ಮುಗಿಸಿದ್ದಳು! ಅವಳಿಗೆ ಯಾರೂ ಕಲಿಸಿರಲಿಲ್ಲ. ಕೇಳಿದಾಗ ತಿಳಿಯಿತು: ಬೋರ್ಡಿಂಗಿಗೆ ಹೋಗುವ ಮೊದಲು ಅಣ್ಣ ರಾಟಿಯ ಆ ಬದಿಗೆ ಪುಸ್ತಕ ಹರಡಿ ಬೆರಳಿಟ್ಟು ಓದುತ್ತಿದ್ದ, ಇವಳು ಈ ಬದಿಗೆ ಕೂತು ನೋಡುತ್ತಿದ್ದಳು. ಅವಳ ಪಾಲಿಗೆ ಅಕ್ಷರ ಇರುವುದೇ ಹಾಗೆ. ವರ್ಗವೆಲ್ಲ ಒದರುವಾಗಲೂ ಅವಳು ಪುಟ ನೋಡಿ ಓದುತ್ತಿದ್ದಳು, ಬಾಯಿಪಾಠ ಮಾಡಿರಲಿಲ್ಲ. ಸಾಲಿಯಲ್ಲಿ ನಾನೂ ಅವಳನ್ನು ಆ ಕಡೆಯೇ ಕೂಡಲು ಬಿಟ್ಟೆ. ಒಂದನೇ ವರ್ಗದಿಂದ ಎರಡೂವರೆ ವರ್ಷ ನನ್ನ ಕಣ್ಣಮುಂದೆ ಇದ್ದಳು, ನಾನು ನೋಡಲಿಲ್ಲ.

ಅಲ್ಲೇ ಅತ್ತೆ. ತಪ್ಪಾಯಿತು, ಹುಡುಗಿಯನ್ನು ಕಳಿಸು ಎಂದೆ. ಯಮನೂರಪ್ಪ ಏನೆಂದ ಗೊತ್ತೇ? "ಅಕ್ಕೋರ, ಹೊಡದದ್ದು ಹತ್ತು ಮಂದಿ ಮುಂದ. ತಪ್ಪಾತು ಅನ್ನೂದು ನನ್ನ ಮನ್ಯಾಗ. ಹಂಗ ನಡಿಯೂದಿಲ್ರಿ. ಆ ಸಾಹೇಬ್ರ ಮುಂದ, ಓಣಿ ಮುಂದ ಹೇಳ್ರಿ. ಆಮ್ಯಾಲ ಸಾಲಿ ಮಾತ ಆಡೂಣು." ಎಷ್ಟು ನ್ಯಾಯದ ಮಾತು! ಆದರೆ ಸಾಹೇಬರ ಮುಂದೆ ಹೇಳುವುದೆಂದರೇನು? ಉಳಿದ ನಲವತ್ತೊಂದು ಮಕ್ಕಳದು ಬಾಯಿಪಾಠ ಎಂದೂ ಹೇಳಬೇಕಲ್ಲ? 'ಅತ್ಯುತ್ತಮ' ಹೋಗುತ್ತದಲ್ಲ? ಇವತ್ತು ನಾಳೆ ಎನ್ನುತ್ತ ಎರಡು ವರ್ಷ ಕಳೆದೆ. ನಾಚಿಕೆಯಾಗುತ್ತದೆ.

ಒಂದು ಕೆಲಸ ಮಾಡಿದೆ. ದಿನಾ ಸಂಜೆ ಸಾಲಿ ಬಿಟ್ಟ ಮೇಲೆ ಆ ಮನೆಗೆ ಹೋದೆ. ಪುಸ್ತಕವನ್ನು ವಾರಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಬಂದೆ. ಮೊದಲು ಓರೆ, ಆಮೇಲೆ ಅಡ್ಡ, ಆಮೇಲೆ ನೆಟ್ಟಗೆ. ಮೂರು ತಿಂಗಳಲ್ಲಿ ನಮ್ಮೆಲ್ಲರ ಹಾಗೆ ಓದಿದಳು! ಸಾಲಿಯಲ್ಲಿ ಒದರಾಟ ಬಂದ್ ಮಾಡಿ, ಮಕ್ಕಳನ್ನು ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ ಬೋರ್ಡು ಓದಿಸಿದೆ. ಹುನಗುಂದ, ಬಾಗಲಕೋಟೆ, ಶಿರೂರು ಎಂದು ಅವರು ಕೂಡಿಸಿ ಕೂಡಿಸಿ ಓದಿದ ದಿನ ಕಂಡಕ್ಟರರು ಚಪ್ಪಾಳೆ ತಟ್ಟಿದರು. ಇನ್ನು ಕಾಳವ್ವ ಸುಮ್ಮನೆ ಕೂತಳೇ? ಪಕ್ಕದ ಮನೆಯ ಬಿಬಿಜಾನಳ ಎದುರು ಕೂತು ಪಾಟಿಯ ಮೇಲೆ ಅವಳ ಹೆಸರು ಬರೆದಳು. ಬರೆಯುವವಳು ಈ ಕಡೆ, ಆದರೆ ಅಕ್ಷರ ಬಿಬಿಜಾನಳಿಗೆ ನೆಟ್ಟಗೆ! ಹೇಳಿ ನನ್ನ ಸಹೋದ್ಯೋಗಿಗಳೇ, ಕಲಿಯುವವರ ಕಡೆಯಿಂದ ಅಕ್ಷರ ನೋಡಲು ನಮ್ಮಲ್ಲಿ ಯಾರಿಗೆ ಬರುತ್ತದೆ? ಟ್ರೇನಿಂಗ್ ಕಾಲೇಜಿನಲ್ಲಿ ಎರಡು ವರ್ಷ ಕೂತ ನನಗೆ ಬಂದಿರಲಿಲ್ಲ.

ಆದ್ದರಿಂದ ಸಾಹೇಬರೇ, ನಿಮ್ಮ ಮುಂದೆ, ಈ ಓಣಿಯ ಮುಂದೆ, ನಾನು ಹೊಡೆಯುವಾಗ ನಕ್ಕ ಮಕ್ಕಳ ಮುಂದೆ ಹೇಳುತ್ತಿದ್ದೇನೆ. ಆ ದಿನ ನನ್ನ ವರ್ಗದಲ್ಲಿ ಓದಲು ಬರುತ್ತಿದ್ದವಳು ಕಾಳವ್ವ ಒಬ್ಬಳೇ. ಅವಳನ್ನೇ ನಾನು ಹೊಡೆದೆ. ತಪ್ಪು ನನ್ನದು. ವರದಿ ತಿದ್ದುವುದಿದ್ದರೆ ತಿದ್ದಿ. ಬಾದಾಮಿಯ ಹುದ್ದೆ ನಿಲ್ಲಿಸುವುದಿದ್ದರೆ ನಿಲ್ಲಿಸಿ.

ಕಾಳವ್ವಾ, ನನ್ನ ತಪ್ಪಾತವ್ವಾ.

ಯಮನೂರಪ್ಪಣ್ಣಾ, ಅಲ್ಲೇ ಕಂಬದ ಹತ್ರ ನಿಂತೀದಿ, ನೋಡೇನಿ. ನೀ ಕೇಳಿದ್ದು ಹತ್ತು ಮಂದಿ, ನಾನೂರು ಮಂದಿ ಮುಂದ ಹೇಳೇನಿ. ಈಗ ನೀ ಹೇಳು. ಹುಡುಗಿನ್ನ ಸಾಲಿಗೆ ಕಳಸ್ತೀಯೋ ಇಲ್ಲೋ?

ಗದ್ದಲ ಮಾಡಬ್ಯಾಡ್ರಿ ಹುಡುಗ್ರ, ಆತ ಏನೋ ಅನ್ನಾಕತ್ತಾನ. ಏನಂದಿ ಅಣ್ಣಾ? ಈ ಮೈಕು ಗುಂಯ್ ಅಂತದ, ಕೇಳಲಿಲ್ಲ. ನಾಳೆ? ನಾಳೆ ಅಂದಿಯೇನು? ನಾಳೆ ಐತವಾರ ಅಣ್ಣಾ, ಸಾಲಿ ಸೂಟಿ!

ಅಲ್ಲ, ಇರು. ಕಳಸು, ನಾಳೆನ ಕಳಸು! ಸೋಮವಾರ ನಾ ಇಲ್ಲಿರಾಕಿ ಅಲ್ಲ. ಅಕೀನ್ನ ನನ್ನ ವರ್ಗದಾಗ ಕೂಡಿಸ್ಕೊಂಡು ಕಲಸಾಕ ನನಗ ಇರೂದು ಆ ಒಂದ ದಿನ. ಸಾಲಿ ಕೀಲಿ ಇನ್ನೂ ನನ್ನ ಕಡೆನ ಅದ.

ಅಧ್ಯಕ್ಷರೇ, ಸಾಹೇಬರೇ, ಸಭಿಕರೇ, ಕಣ್ಣೀರು ಒರೆಸಿಕೊಂಡಿದ್ದಕ್ಕೆ ಕ್ಷಮೆ ಇರಲಿ. ಇಷ್ಟು ಹೊತ್ತು ನನ್ನನ್ನು ತಾಳಿಕೊಂಡ ನಿಮಗೆಲ್ಲ ಕೃತಜ್ಞತೆಗಳು. ಉಳಿದವರಿಗೆ ನಾಳೆ ಸೂಟಿ. ನಮ್ಮಿಬ್ಬರಿಗೆ ಹತ್ತು ಗಂಟೆಗೆ ಸಾಲಿ. ನಮಸ್ಕಾರ.