ಮುಂದಿನ ಎರಡು ಹಲ್ಲು

ದಂತವೈದ್ಯರ ಹೊರಕೋಣೆಯಲ್ಲಿ ಕಾಯುತ್ತಿದ್ದ ಅವಳಿಗೆ, ಪಕ್ಕದ ಬೆಂಚಿನಲ್ಲಿದ್ದ ಮುದುಕ ಮತ್ತು ಅವನ ತಂಗಿಯ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

"ಮುಂದಿನ ಈ ಎರಡು ಹಲ್ಲು ಹೋದ್ರೆ ಟ್ರಂಪೆಟ್ ಊದೋಕಾಗಲ್ಲ ಕಣೇ."

"ಕೀವು ತುಂಬಿದೆಯಲ್ಲಣ್ಣ."

"ಶನಿವಾರದ ತನಕ ತಡ್ಕೋತೀನಿ. ಅವತ್ತು ನಮ್ಮ ಹಳೇ ಬ್ಯಾಂಡಿನವರು ನಮ್ಮ ರಾಕ್ ಆಲ್ಬಮ್ಮನ್ನ ವೇದಿಕೆ ಮೇಲೆ ಮತ್ತೆ ಪೂರ್ತಿ ನುಡಿಸ್ತಾರಂತೆ. ಅದಕ್ಕೆ ಜಾಜ್ ಬೆರೆಸಿ ಊದಿದ್ದು ನಾನು. ಕರೀತಾರೆ."

"ಕರೆಯಲ್ಲ. ನಾನೇ ಫೋನ್ ಮಾಡಿ ಕೇಳ್ದೆ. ನಿನ್ನ ಶಿಷ್ಯನ್ನ ಗೊತ್ತುಮಾಡಿದಾರೆ."

ಸದ್ದಾದೀತೆಂದು ಅವಳು ಕೈಯಲ್ಲಿದ್ದ ಪತ್ರಿಕೆಯ ಪುಟ ಮಗುಚಲಿಲ್ಲ.

"ಮೂರನೇ ಹಾಡಲ್ಲಿ ಉಸಿರು ಎಲ್ಲಿ ತಗೋಬೇಕು ಅಂತ ಗೊತ್ತಾ ಆ ದಡ್ಡನಿಗೆ?"

"ಗೊತ್ತಿಲ್ಲವಂತೆ. ಕೇಳೋಕೆ ನಾಳೆ ಮನೆಗೆ ಬರ್ತಾನೆ."

ಒಳಗಿನಿಂದ ಕರೆ ಬಂತು.

"ಹಾಗಾದ್ರೆ ಎರಡನ್ನೂ ಕಿತ್ತುಹಾಕಲಿ. ಈ ಕೀವು, ನೋವು ಹೋಗಿ ನಾಳೆ ಅವನನ್ನ ಬೈಯೋಕೆ ಬಾಯಿ ನೆಟ್ಟಗಿರಬೇಕು," ಎನ್ನುತ್ತ ಮುದುಕ ಎದ್ದು ಒಳಗೆ ಹೋದ.