ಯೂಲಿನ್ ಬಾಗಿಲಿಗೆ ಬಂದ ರಾತ್ರಿ

ಒಲೆದೇವರ ಮುಂದೆ ಈಗಷ್ಟೇ ಊದುಬತ್ತಿ ಹಚ್ಚಿ ಬಂದಿದ್ದೇನೆ. ವರ್ಷದ ಕೊನೆಗೆ ಮೇಲಕ್ಕೆ ಹೋಗಿ, ಮನೆಮನೆಯ ಮಾತನ್ನೆಲ್ಲ ಒಪ್ಪಿಸುವ ದೇವರು ಅವನು. ಅವನ ಕಿವಿಗೆ ಬೀಳುವಲ್ಲಿ ಕೂತು ಸುಳ್ಳು ಹೇಳುವ ಧೈರ್ಯ ನನಗಿಲ್ಲ. ಇದು ನನ್ನ ದೊಡ್ಡಪ್ಪನ ಮಗ ಪೆಯಿ ಅಣ್ಣನಿಗೆ ಆದದ್ದು.

ಬಾಗಿಲು ಕಾಯುವ ವೀರರ ಚಿತ್ರ ಮಾಡುವುದು ಪೆಯಿ ಅಣ್ಣನ ಕಸುಬು. ಮರದ ಅಚ್ಚಿಗೆ ಮಸಿ ಬಳಿದು ಕಾಗದ ಒತ್ತಿ ತೆಗೆದರೆ ಇಬ್ಬರು ನಿಲ್ಲುತ್ತಾರೆ. ಒಬ್ಬನ ಕೈಯಲ್ಲಿ ಕತ್ತಿ, ಇನ್ನೊಬ್ಬನ ಕೈಯಲ್ಲಿ ಗದೆ. ಹೊಸ ವರ್ಷಕ್ಕೆ ಊರಿನ ಪ್ರತಿ ಬಾಗಿಲಿಗೂ ಅವರನ್ನು ಅಂಟಿಸಲೇಬೇಕು. ಬದುಕಿರುವವರನ್ನು ಅವರು ತಡೆಯುವುದಿಲ್ಲ. ಕಳ್ಳ ಬಂದರೂ ಸುಮ್ಮನೆ ನೋಡುತ್ತಾರೆ ಎಂದು ಪೆಯಿ ಅಣ್ಣನೇ ನಗುತ್ತಿದ್ದ. ಅವರು ತಡೆಯುವುದು ಸತ್ತವರನ್ನು.

ಒಮ್ಮೆ ಹೊಸ ವರ್ಷದ ಹಬ್ಬದ ರಾತ್ರಿ ನಂಟರ ಮನೆಯಲ್ಲಿ ಉಂಡು ಅವನೊಬ್ಬನೇ ಊರಿಗೆ ಹಿಂತಿರುಗುತ್ತಿದ್ದ. ಅಮಾವಾಸ್ಯೆ. ಕೈಯಲ್ಲೊಂದು ಕಾಗದದ ಲಾಂದ್ರ. ಹಿಪ್ಪುನೇರಳೆ ಮರದ ಕೆಳಗೆ ಊರ ಬಾವಿ ಇದೆಯಲ್ಲ, ಅಲ್ಲಿಗೆ ಬಂದಾಗ ಕೇಳಿಸಿತಂತೆ... ತೊಟ್... ತೊಟ್... ಕೊಡದಿಂದ ಬೀಳುವ ನೀರಿರಬೇಕು ಅಂದುಕೊಂಡ. ಆದರೆ ಆ ಚಳಿಗೆ ಕೊಡದ ನೀರೆಲ್ಲ ಕಲ್ಲಾಗಿತ್ತು. ಆಮೇಲೆ ಇನ್ನೊಂದು ಸದ್ದು... ಚಿಲ್... ಚಿಲ್... ಕವಚದ ಕಬ್ಬಿಣದ ತಗಡುಗಳು ಒಂದಕ್ಕೊಂದು ತಾಗುವ ಸದ್ದು.

ಬಾವಿಕಟ್ಟೆಯ ಮೇಲೆ ಯಾರೋ ಕೂತಿದ್ದ.

"ಪೆಯಿ ಅಣ್ಣ... ದೀಪ ಮುಖಕ್ಕೆ ಹಿಡೀಬೇಡ."

ದನಿ ಗುರುತು ಸಿಕ್ಕಿತು. ನಮ್ಮ ಪಕ್ಕದ ಮನೆಯ ರುವಾನ್ ಅತ್ತೆಯ ಒಬ್ಬನೇ ಮಗ, ಯೂಲಿನ್.

ಅವನು ಹೋಗಿ ಮೂರು ವರ್ಷವಾಗಿತ್ತು. ನಮ್ಮ ದೊರೆಗೆ ಕರಿಹೊಳೆಯ ಡ್ರಾಗನ್ನಿನ ಗಂಟಲ ಕೆಳಗಿರುವ ಮುತ್ತು ಬೇಕಾಗಿತ್ತು. ಮನೆಗೊಬ್ಬನಂತೆ ಗಂಡಸರನ್ನು ಎಳೆದುಕೊಂಡು ಹೋದ. ಕಣಿವೆಯಲ್ಲಿ ನಗಾರಿ ಬಾರಿಸಿ ಅದನ್ನು ಎಬ್ಬಿಸಿದರಂತೆ. ಅದು ಒಂದೇ ಸಲ ಮಗ್ಗುಲು ಬದಲಿಸಿತು. ಅಷ್ಟೇ. ಹೊಳೆ ಎದ್ದು ಇಡೀ ದಂಡನ್ನು ನುಂಗಿತು. ಹೆಣ ಒಂದೂ ಸಿಗಲಿಲ್ಲ. ಉಳಿದ ಮನೆಗಳವರು ಬಿಳಿ ಬಟ್ಟೆ ಉಟ್ಟು, ಮಕ್ಕಳ ಅಂಗಿಗಳನ್ನೇ ಮಣ್ಣು ಮಾಡಿದರು. ರುವಾನ್ ಅತ್ತೆ ಮಾಡಲಿಲ್ಲ. "ಹೆಣ ತೋರ್ಸಿ, ಆಮೇಲೆ ಅಳ್ತೀನಿ" ಅಂದಳು. ದಿನಾ ರಾತ್ರಿ ಅವನ ಬಟ್ಟಲಿಗೂ ಗಂಜಿ ಬಡಿಸುತ್ತಿದ್ದಳು. ಬಾಗಿಲಿಗೆ ಅಗುಳಿ ಹಾಕುತ್ತಿರಲಿಲ್ಲ.

"ಮನೆಗೆ ಹೋಗೋ... ನಿಮ್ಮಮ್ಮ ಕಾಯ್ತಾ ಕೂತಿದಾಳೆ," ಎಂದ ಪೆಯಿ ಅಣ್ಣ.

"ಹೋಗಿದ್ದೆ. ಪ್ರತಿ ವರ್ಷ ಹೋಗ್ತೀನಿ. ಒಲೆ ಹತ್ರ ಅಮ್ಮ ಕಾಣಿಸ್ತಾಳೆ, ಕೂಗಿದ್ರೆ ಕೇಳಿಸಲ್ಲ. ನಿನ್ನ ಆಳುಗಳು ಬಿಡಲ್ಲ."

"ನನ್ನ ಆಳುಗಳಾ?"

"ಕತ್ತಿಯೋನು, ಗದೆಯೋನು. ಆ ಗದೆಯೋನಿಗೆ ಅಷ್ಟು ದಪ್ಪ ಹುಬ್ಬು ಯಾಕಣ್ಣ ಕೆತ್ತಿದೆ? ಸತ್ತೋನಿಗೂ ಭಯ ಆಗುತ್ತೆ." ಹೇಳಿ ನಕ್ಕನಂತೆ. ನಕ್ಕಾಗ ಗಂಟಲಲ್ಲಿ ನೀರು ಬುಳ್ ಎಂದಿತು.

"ಕಾಗದ ಕಿತ್ತು ಬಿಡ್ತೀನಿ, ಇರು."

"ಬೇಡ! ಕಿತ್ತರೆ ಹೊಳೇಲಿರೋರೆಲ್ಲ ನುಗ್ತಾರೆ. ಮನೆಯೋರೇ ಅವ್ರಿಗೆ ಹೇಳ್ಬೇಕು... ಇವನು ನಮ್ಮೋನು, ಸತ್ತಿದಾನೆ, ಬಿಡಿ ಅಂತ. ಒಳಗೆ ಕೂತು ಒಂದು ತುತ್ತು ಉಂಡ್ರೆ ಹೊಳೆ ನನ್ನ ಬಿಡುತ್ತೆ. ಇಲ್ದಿದ್ರೆ ಡ್ರಾಗನ್ನಿನ ಊಳಿಗ, ಯಾವತ್ತಿಗೂ. ಮೂರು ಹಬ್ಬ ಅಷ್ಟೇ ಗಡುವು, ಇದೇ ಕೊನೆ ಸಲ ಅಣ್ಣ... ಕೋಳಿ ಕೂಗೋದ್ರೊಳಗೆ."

ಪೆಯಿ ಅಣ್ಣ ಓಡಿದ. ಹಿಂದೆಯೇ... ಚಿಲ್... ಚಿಲ್... ತಿರುಗಿ ನೋಡಲಿಲ್ಲ.

ಅತ್ತೆ ಒಲೆಯ ಮುಂದೆ ಕೂತಿದ್ದಳು. ಇವನ ಮುಖ ನೋಡಿ, "ಏನಪ್ಪಾ, ಹೆಂಡ್ತಿ ಹೊರಗೆ ಹಾಕಿದ್ಲಾ?" ಅಂದಳು.

"ಅತ್ತೆ... ಯೂಲಿನ್ ಬಾಗಿಲಲ್ಲಿದಾನೆ."

ಅವಳು ಸೌಟು ಬಿಟ್ಟು ಎದ್ದಳು. "ಮತ್ತೆ ಒಳಗೆ ಬರೋಕೇನು ಅವನಿಗೆ? ತೆಗೆದೇ ಇದೆಯಲ್ಲ!"

ಪೆಯಿ ಅಣ್ಣ ಬಾಗಿಲ ಚಿತ್ರಗಳ ಕಡೆ ನೋಡಿದ. ಅವಳೂ ನೋಡಿದಳು.

"ಕುಡಿದಿದೀಯಾ?"

"ಇಲ್ಲ ಅತ್ತೆ."

"ಕುಡಿದಿದೀನಿ ಅಂತ ಹೇಳೋ ಪೆಯಿ..."

ಅವನು ಬಾವಿಕಟ್ಟೆಯ ಬಳಿ ಕೇಳಿದ್ದನ್ನೆಲ್ಲ ಪಿಸುದನಿಯಲ್ಲಿ ಒಪ್ಪಿಸಿದ. ಗಂಜಿ ತಳ ಹಿಡಿಯುವ ವಾಸನೆ ಬಂತು. ಅವಳು ಇಳಿಸಲಿಲ್ಲ.

"ನಾನು ಹೇಳ್ದಿದ್ರೆ ಎಲ್ಲೋ ಒಂದು ಕಡೆ ಬದುಕಿದಾನೆ ಅಂತಲೇ ಅಲ್ವಾ," ಎಂದಳು ಕೊನೆಗೆ. ಅದು ಪೆಯಿ ಅಣ್ಣನಿಗೆ ಹೇಳಿದ್ದಲ್ಲ.

ಆಮೇಲೆ ತಲೆಗೂದಲು ಸರಿ ಮಾಡಿಕೊಂಡಳು, ದೊಡ್ಡವರ ಮುಂದೆ ಹೋಗುವಾಗ ಮಾಡಿಕೊಳ್ಳುವ ಹಾಗೆ. ಹೊಸ್ತಿಲ ಬಳಿ ನಿಂತು ಆ ಕಾಗದಗಳಿಗೆ ಕೈ ಮುಗಿದಳು.

"ಸ್ವಾಮಿ, ಇವನು ರುವಾನ್ ಯೂಲಿನ್. ನನ್ನ ಮಗ. ಎಡಗೈ ಮೇಲೆ ಸುಟ್ಟ ಕಲೆ ಇದೆ... ಸಣ್ಣೋನಿದ್ದಾಗ ನಾನು ರೇಷ್ಮೆಗೂಡು ಬೇಯಿಸೋ ನೀರಿಗೆ ಕೈ ಹಾಕಿದ್ದ. ಒಳ್ಳೇ ಹುಡುಗ." ಮುಗಿದ ಕೈಯನ್ನು ಹಣೆಗೊತ್ತಿಕೊಂಡಳು. "ಸತ್ತಿದಾನೆ. ನನ್ನ ಮಗ ಸತ್ತಿದಾನೆ. ಒಳಗೆ ಬಿಡಿ."

ದೀಪ ಅಲುಗಲೂ ಇಲ್ಲವಂತೆ. ಪೆಯಿ ಅಣ್ಣನ ಪಕ್ಕದಿಂದ ಹೊಳೆಯ ಕೆಸರಿನ ವಾಸನೆಯೊಂದು ಒಳಗೆ ಹೋಯಿತು. ಅವನು ಹೊರಗೆ ಬಂದು, ಬಾಗಿಲು ಎಳೆದುಕೊಂಡು, ಜಗಲಿಯ ಮೇಲೆ ಕೂತ.

ಒಳಗೆ ಬಟ್ಟಲಿಗೆ ಚಮಚ ತಾಗಿದ ಸದ್ದು... ಟಿಣ್. ಮತ್ತೆ... ಟಿಣ್. ಅತ್ತೆಯ ದನಿಯೊಂದೇ ಕೇಳಿಸುತ್ತಿತ್ತು. "ಒದ್ದೆ ಬಟ್ಟೇಲಿ ಕೂತ್ಕೋಬೇಡ ಅಂತ ನಿಂಗೆ ಎಷ್ಟು ಸಲ ಹೇಳ್ಲಿ... ತಳ ಹಿಡಿದಿದೆ, ಮೇಲಿಂದ ತಗೋ... ಇನ್ನೊಂಚೂರು..."

ಕೋಳಿ ಕೂಗಿತು. ಒಳಗೆ ಸದ್ದಡಗಿತು. ಆಮೇಲೆ, ಮೂರು ವರ್ಷದಲ್ಲಿ ಮೊದಲ ಸಲ, ರುವಾನ್ ಅತ್ತೆ ಅಳುವುದು ಊರಿಗೆಲ್ಲ ಕೇಳಿಸಿತು.

ಮಾರನೆಯ ದಿನ ಅವಳು ಬಿಳಿ ಬಟ್ಟೆ ಉಟ್ಟಳು. ಯೂಲಿನ್ನನ ಅಂಗಿ ಹೂಳಲು ಗುಂಡಿ ತೋಡಿದವನು ನಾನೇ. ಈಗ ಅವಳು ಒಂದೇ ಬಟ್ಟಲು ಇಟ್ಟುಕೊಳ್ಳುತ್ತಾಳೆ. ಕತ್ತಲಾಗುತ್ತಲೇ ಅಗುಳಿ ಹಾಕಿದ ಸದ್ದು ನಮ್ಮ ಮನೆಗೂ ಕೇಳಿಸುತ್ತದೆ.

ಆ ಚಿತ್ರಗಳನ್ನು ಅವಳು ಇವತ್ತಿಗೂ ಬದಲಾಯಿಸಿಲ್ಲ. ಪೆಯಿ ಅಣ್ಣನ ಅಚ್ಚೂ ಹಾಗೇ ಇದೆ, ಬೇಕಾದವರು ಹೋಗಿ ನೋಡಬಹುದು. ಅದರಲ್ಲಿ ಗದೆಯವನ ಎರಡು ಕಣ್ಣೂ ನೇರ ನಮ್ಮನ್ನೇ ದಿಟ್ಟಿಸುತ್ತವೆ. ಊರಿನ ಎಲ್ಲ ಬಾಗಿಲಲ್ಲೂ ಹಾಗೆಯೇ. ಅತ್ತೆಯ ಬಾಗಿಲಲ್ಲಿ ಮಾತ್ರ ಅವನು ಮುಖ ಆಚೆಗೆ ತಿರುಗಿಸಿ ನಿಂತಿದ್ದಾನೆ. ಒಂದು ಕಿವಿ ಕಾಣುತ್ತದೆ, ಅಷ್ಟೇ. ಒಲೆದೇವರಾಣೆ, ನಾನು ಕಣ್ಣಾರೆ ಕಂಡಿದ್ದೇನೆ.