ಪಿಸ್ತೂಲು ಒರಸೂ ಪಾಳಿ ನಂದಿತ್ತು

ಪೂಜಿ ಮಾಡಬ್ಯಾಡ ಅಂತ ನಾ ಎಲ್ಲಿ ಅಂದೆ, ಗಾಡಿ ಚೈನಿಗೆ ಅಷ್ಟ ಎಣ್ಣಿ ಸುರವಬ್ಯಾಡ ಅಂದೆ, ಅದೂ ಅಡಗಿ ಎಣ್ಣಿ. ಇಡು ಆ ಗಿಂಡಿ ಕೆಳಗ. ತಂಗೀನೂ ಕರಿ, ಇಲ್ಲೆ ಕಟ್ಟಿ ಮ್ಯಾಲೆ ಕುಂದರ್ರಿ. ಮಹಾನವಮಿ ಖಂಡೇಪೂಜಿ ದಿನ ಹೇಳೂ ಮಾತಿದು, ಇಷ್ಟ ವರ್ಷ ಹೇಳಲಿಲ್ಲ. ಒಳಗ ಫೋಟೋದಾಗ ಅದಾನಲ್ಲಾ, ಬಸುಮುತ್ಯಾ ಅಂತ ನೀವು ಕೈ ಮುಗೀತೀರಿ, ಅಂವ ಮುತ್ಯಾ ಅಲ್ಲ. ಅಂದ್ರ ಸಂಬಂಧದಲೆ ಮುತ್ಯಾನ, ನನ್ನ ತಮ್ಮ, ಆದರ ಇಪ್ಪತ್ತೆರಡಕ್ಕ ಹ್ವಾದಾಂವಗ ಅಜ್ಜ, ಮುತ್ಯಾ ಅಂದ್ರ ನನಗ ಒಂಥರಾ ಆಗತೈತಿ.

ಎಮರ್ಜನ್ಸಿ ಬರೂಕಿಂತ ಮದಲಿನ ಮಾತು. ನಾ ದೊಡವಾಡದಾಗ ಸಾಲಿ ಟೀಚರು, ಮದುವಿ ಆಗಿರಲಿಲ್ಲ. ಅಪ್ಪ ಮಿಲಿಟರಿಯೊಳಗ ಸುಭೇದಾರ ಆಗಿ ಪಿಂಚಣಿ ಮ್ಯಾಲೆ ಬಂದಾಂವ. ಬರುವಾಗ ಒಂದು ಪಿಸ್ತೂಲು ತಂದಿದ್ದ, ಹೊಸದೇನಲ್ಲ, ಹಳೇದಾತಂತ ಸರಕಾರದವರು ತಗದ ಹಾಕಿದ್ದು, ಲೈಸೆನ್ಸ್ ಮಾಡಿಸಿ ತಂದಿದ್ದ. ಅಂಗೈಗಿಂತ ಒಂದೀಟು ದೊಡ್ಡದು, ಹಿಡಿಕಿ ಸವದಿತ್ತು. ಅವನ ಕಣ್ಣಿಗೆ ಪೊರಿ ಬಂದ ಮ್ಯಾಲೆ ಅದನ್ನ ಬಿಚ್ಚಿ ಒರಸೂದು ನನಗ ಕಲಿಸಿದ. ಬಸುಗ ಕಲಿಸಲಿಲ್ಲ. “ಅಂವಗ ಎತ್ತಿನ ಕೊಂಬು ಒರಸಂದ್ರ ಬಾಲಾ ಒರಸತಾನ” ಅಂತಿದ್ದ. ತಿಂಗಳಿಗೊಮ್ಮೆ ನಾ ಒರಸಬೇಕು. ಆದರ ನಮ್ಮವ್ವಂದು ಒಂದು ಪದ್ಧತಿ. ಮಹಾನವಮಿ ದಿನ ಕುಡಗೋಲು, ಕೊಡ್ಲಿ, ಬಿತ್ತೂ ಕೂರಿಗಿ ತಾಳು, ನನ್ನ ಸಾಲಿ ಪೆನ್ನು, ಅಪ್ಪನ ಪಿಸ್ತೂಲು, ಎಲ್ಲಾ ಸಾಲಾಗಿ ಇಟ್ಟು ವಿಭೂತಿ ಬಡದು, ಕುಂಕುಮಾ ಹಚ್ಚಿ, ಮ್ಯಾಲೆ ಕುಸುಬಿ ಎಣ್ಣಿ ಬಿಡತಿದ್ದಳು. ಪಿಸ್ತೂಲಿಗೆ ಅಂತೂ ಕೈ ಧಾರಾಳ, ಬಸೂನ ನೆತ್ತಿಗೆ ಎಣ್ಣಿ ಇಟ್ಟಂಗ ಇಡತಿದ್ದಳು. ಆಮ್ಯಾಲೆ ನಾ ಒರಸಾಕ ಅರಿಬಿ ತಗೊಂಡ್ರ, “ಪೂಜಿ ಆಗಿದ್ದನ್ನ ಒರಸತಾರೇನ ನೀಲವ್ವಾ? ನಿನ್ನ ಹಣಿ ಮ್ಯಾಲಿಂದು ಒರಸಿದರ ಹೆಂಗಿರತೈತಿ?” ಅಂತಿದ್ದಳು. ಹಂಗಾಗಿ ನಾ ಮ್ಯಾಲ ಮ್ಯಾಲ ಒರಸಿ ಇಡತಿದ್ದೆ. ಆ ವರ್ಷ ಬಿಚ್ಚಲೇ ಇಲ್ಲ. ಸಾಲಿ ಪರೀಕ್ಷಾ ಪೇಪರು ಇದ್ದುವು, ಅಲ್ಲ, ಪೇಪರಿನ ನೆವಾ ಬ್ಯಾಡ, ಬಿಚ್ಚಲಿಲ್ಲ ಅಷ್ಟ.

ಮಾಘಮಾಸ. ಬೆಳಿಗ್ಗೆ ಸಾಲಿಗೆ ಹೊಂಟು ಹೆರಳ ಹಾಕ್ಕೊಳ್ಳಾಕ ಹತ್ತಿದ್ದೆ. ಓಣ್ಯಾಗ ಒದರಿದರು, “ಹುಚ್ಚನಾಯಿ ಬಂತು, ಬಾಗಲಾ ಹಾಕ್ಕೊರಿ!” ಬಸು ಅಂಗಳದಾಗ ಆಕಳ ಕರಾ ಹಿಡಕೊಂಡು ನಿಂತಿದ್ದ. ನಾಯಿ ಜೊಲ್ಲು ಸುರಿಸ್ಕೊಂತ ಸೀದಾ ಒಳಗ ಬಂತು. ಅಪ್ಪ ಪಿಸ್ತೂಲು ತಗೊಂಡು ಬಾಗಲಕ್ಕ ಬಂದಾ. “ಬಸ್ಯಾ, ಅಲ್ಲೇ ನಿಲ್ಲು, ಅಲಗ್ಯಾಡಬ್ಯಾಡ!” ಅಂದಾ. ಪಿಸ್ತೂಲಿನ ಮ್ಯಾಲಿನ ಭಾಗ ಇರತೈತಲ್ಲ, ಸ್ಲೈಡ್ ಅಂತಾರ, ಅದನ್ನ ಹಿಂದ ಜಗ್ಗಿ ಬಿಟ್ಟರ ಕೆಳಗಿನ ಮ್ಯಾಗಜೀನದಾಗಿಂದ ಒಂದ ಕಾಡತೂಸು ಮ್ಯಾಲ ಬಂದು ನಳಗಿಯ ಗೂಡಿನ್ಯಾಗ ಹೋಗಿ ಕುಂದರತೈತಿ. ಖಟ್ ಅನಬೇಕು. ಅನಲಿಲ್ಲ. ಸ್ಲೈಡು ಅಕ್ಕಿಕಾಳಿನಷ್ಟು ಹಿಂದ ನಿಂತುಬಿಟ್ಟಿತು. ಅದು ಪೂರಾ ಮುಚ್ಚಿಕೊಳ್ಳದಿದ್ದರ ಗುಂಡು ಹಾರೂದಿಲ್ಲ. ಅಪ್ಪ ಅಂಗೈಲೆ ಬಡದಾ, ಮತ್ತ ಬಡದಾ. ಬಸು ಓಡಬಹುದಿತ್ತು. ಗ್ವಾಡಿ ಮ್ವಾಣಕಾಲಷ್ಟ ಇತ್ತು, ಜಿಗೀಬಹುದಿತ್ತು. ಅಪ್ಪನ ಕೈಯಾಗ ಪಿಸ್ತೂಲು ಐತಂತ ನಿಂತಾ. ನಾಯಿ ಹಾರಿ ಗಲ್ಲಕ್ಕ ಕಚ್ಚಿತು.

ಓಣಿಯವರು ಬಡಿಗಿ ತಗೊಂಡು ನಾಯಿ ಬಡದು ಹಾಕಿದರು. ನಾವು ಧಾರವಾಡದ ಬಸ್ ಹಿಡದಿವಿ. ಆವಾಗ ಹೊಟ್ಟಿ ಮ್ಯಾಲೆ ಹದಿನಾಕು ಸೂಜಿ. ಮಾರಿ ಮ್ಯಾಲಿನ ಕಡತಾ ಕೆಟ್ಟದ್ದು, ಆದಷ್ಟು ಮಾಡೂಣು ಅಂತ ಡಾಕ್ಟರ್ ಮದಲ ಹೇಳಿದ್ದರು, ಅವರದೇನೂ ತಪ್ಪಿಲ್ಲ. ಬಸು, “ಅಕ್ಕಾ, ಹೊಟ್ಟಿ ಅನ್ನೂದು ಜ್ವಾಳಾ ಸಾಣಸೂ ಜರಡಿ ಆಗೇತಿ” ಅಂತ ನಗತಿದ್ದ. ಹದಿನಾಕೂ ಮುಗದುವು. ಅದರ ಮುಂದಿನ ವಾರ ನೀರಿನ ತಂಬಿಗಿ ಕಂಡು ಹೆದರಿದ. ಮುಂದಿಂದು ಬ್ಯಾಡ.

ಮಣ್ಣು ಮಾಡಿ ಐದನೇ ದಿನ ನಾ ಸಾಲಿಗೆ ಹ್ವಾದೆ. ಏಳರ ಮಗ್ಗಿ ಅನಿಸಿದೆ. ಹಾಜರಿ ಕರದೆ. ಅಳು ಬರಲಿಲ್ಲ, ಯಾಕ ಬರವೊಲ್ಲದು ಅಂತ ವಿಚಾರಾನೂ ಬರಲಿಲ್ಲ. ಮನ್ಯಾಗ ಅಪ್ಪ ಮಾತು ಬಿಟ್ಟಿದ್ದ. ಬಲಗೈಲೆ ಊಟಾನೂ ಬಿಟ್ಟ. ಎಡಗೈಲೆ ಎರಡು ತುತ್ತು ತಿಂದು ತಾಟು ಸರಿಸತಿದ್ದ. ಅವ್ವ ಕೇಳಿದ್ದಕ್ಕ ಒಮ್ಮೆ ಅಂದಾ, “ಈ ಕೈ ಅರ್ಧಾ ಜಗ್ಗಿತು. ಪೂರಾ ಜಗ್ಗಿದ್ದರ ಕಾಡತೂಸು ಹೋಗತಿತ್ತು. ಮುದುಕನ ಕೈ ಮಗನ್ನ ತಿಂತು.” ಆಮ್ಯಾಲೆ ಆ ಎರಡು ತುತ್ತೂ ಬಿಟ್ಟ, ಬರೇ ಮಜ್ಜಗಿ. ಇನ್ನೊಂದು ತಿಂಗಳದಾಗ ಇವನೂ ಹೊಕ್ಕಾನ ಅಂತ ನನಗ ಲೆಕ್ಕ ಗೊತ್ತಾತು.

ನಾ ನೋಡಿದ್ದೆ. ಪೂರಾ ಜಗ್ಗಿದ್ದ. ಆದರ ನೋಡೇನಿ ಅಂದ್ರ ಸುಭೇದಾರ ಕೇಳತಾನೇನು? ಒಂದು ರವಿವಾರ ಮಧ್ಯಾಹ್ನ ಪಿಸ್ತೂಲು ತಗದೆ. ಅಪ್ಪ ಕಲಿಸಿದಂಗ ಮದಲು ಮ್ಯಾಗಜೀನ್ ಹೊರಗ, ಆಮ್ಯಾಲೆ ಸ್ಲೈಡ್ ಜಗ್ಗಿ ಗೂಡು ಖಾಲಿ ಐತೇನ ನೋಡೂದು, ನೋಡಿ ಮತ್ತ ಬೆರಳು ಹಾಕಿ ನೋಡೂದು. ಒಂದ ಸಲಕ್ಕ ಒಂದ ವಿಷಯ ನೋಡಬೇಕು, ಗಣಿತದಾಗ ಹುಡುಗರಿಗೆ ಇದನ್ನ ಹೇಳತಿದ್ದೆ. ಸ್ಪ್ರಿಂಗು ಸೋತಿರಬೇಕು ಅಂತ ಅಂದ್ಕೊಂಡಿದ್ದೆ, ವರ್ಷಗಟ್ಟಲೆ ತುಂಬಿ ಇಟ್ಟರ ಸೋಲತೈತಿ. ಒತ್ತಿ ನೋಡಿದೆ, ಗಟ್ಟಿ ಇತ್ತು. ಮ್ಯಾಗಜೀನಿನ ಬಾಯಿ ಡೊಂಕ ಆಗಿತ್ತೇನು ಅಂದ್ರ ಇಲ್ಲ, ಎರಡೂ ಕಡೆ ಸಮಾ. ಕಾಡತೂಸಿಗೆ ಒಂದೀಟು ಹಸರ ಕಿಲಬು ಹಿಡದಿತ್ತು, ಒರಸಿದೆ, ಹ್ವಾತು. ಕಡೀಕೆ ನಳಗಿ ಬ್ಯಾರೆ ಮಾಡಿ ಹಿಡದು, ಅದರಾಗ ಕಾಡತೂಸು ಕೈಲೆ ಬಿಟ್ಟೆ. ತನ್ನ ತೂಕದಲೇ ಬಿದ್ದು ಟಕ್ ಅಂತ ಕುಂದರಬೇಕು. ಕುಂದರಲಿಲ್ಲ. ಅಕ್ಕಿಕಾಳಿನಷ್ಟು ಹೊರಗ ಉಳೀತು. ಅದ ಅಕ್ಕಿಕಾಳು. ಬೆಳಕಿಗೆ ಹಿಡದು ನೋಡಿದೆ. ಗೂಡಿನ ಸುತ್ತ ಕೆಂಪನ್ನ ಪೊರಿ, ಅರಗಿನಂಗ ಗಟ್ಟಿ. ಕುಸುಬಿ ಎಣ್ಣಿ ಗಿಂಡಿ ಬಾಯಿಗೆ ಹತ್ತಿರತೈತಲ್ಲ, ಉಗರಲೆ ಕೆರದರೂ ಬರೂದಿಲ್ಲ, ಅದ. ವಿಭೂತಿ ಕೂಡೇತಿ, ಕುಂಕುಮಾ ಕೂಡೇತಿ. ಎಷ್ಟ ಮಹಾನವಮಿದೋ.

ನಾ ಅಲ್ಲೆ ಕುಂತೆ. ಹೇಳದಿದ್ದರ ಅಪ್ಪ ಉಳ್ಯೂದಿಲ್ಲ. ಹೇಳಿದರ ಅವ್ವ.

ನಳಗಿ ಒಯ್ದು ಅಪ್ಪನ ಬಲಗೈಯಾಗ ಇಟ್ಟೆ. ಸರಿಸಾಕ ಹ್ವಾದಾ, ನಾ ಬಿಡಲಿಲ್ಲ. “ಅಪ್ಪಾ, ನೀನ ಕಾಡತೂಸು ಬಿಟ್ಟು ನೋಡು” ಅಂದೆ. ಬಿಟ್ಟಾ. ಬೆರಳಿಲೆ ಸವರಿ ನೋಡಿದಾ. ಕಣ್ಣು ಮಂಜಾಗಿದ್ದರೂ ಬೆರಳಿಗೆ ಗೊತ್ತಾತು. ಅವ್ವ ಅಡಗಿಮನಿ ಬಾಗಲದಾಗ ಬಂದು ನಿಂತಿದ್ದಳು, ಕೈಗೆ ರೊಟ್ಟಿ ಹಿಟ್ಟು.

“ಏನಿದು, ಕೊಳಿ?” ಅಂದಾ ಅಪ್ಪ.

“ಹೂಂ.”

“ಯಾತರ ಕೊಳಿ?”

ನಾ ಸುಳ್ಳು ಹೇಳಿದಾಕಿ ಅಲ್ಲ. “ನಾ ಒರಸದ ಬಿಟ್ಟ ಕೊಳಿ, ಅಪ್ಪಾ. ಪಾಳಿ ನಂದಿತ್ತು. ನಿನ್ನ ಕೈ ಪೂರಾ ಜಗ್ಗಿತ್ತು” ಅಂದೆ.

ಬೈದಾ. ಯಪ್ಪಾ, ಏನ ಬೈದಾ, ಮಿಲಿಟರಿ ಹಿಂದಿಯೊಳಗ ಬೈದಾ, ಕನ್ನಡದಾಗ ಬೈದಾ. “ಹತ್ಯಾರ ಒರಸದಾಕಿ ಮಂದಿ ಮಕ್ಕಳಿಗೆ ಏನ ಕಲಸತೀ?” ಅಂದಾ. ಬೈಲಿ ಅಂತ ಕುಂತೆ, ತಿಂಗಳ ಮ್ಯಾಲೆ ಬಾಯಿ ಬಿಟ್ಟಿದ್ದ. ಅವನ ಮುಂದ ಚಿಮಣಿ ಎಣ್ಣಿಯೊಳಗ ಅದ್ದಿದ ಅರಿಬಿ, ಕಟಗಿ ಕಡ್ಡಿ ತಗೊಂಡು ಕೆರದೆ. ಅರಿಬಿ ಕೆಂಪಾತು. ಮತ್ತ ಅವನ ಕೈಗೆ ಕೊಟ್ಟೆ. ಕಾಡತೂಸು ಬಿಟ್ಟಾ. ಟಕ್ ಅಂತು. ತಗದು ಮತ್ತ ಬಿಟ್ಟಾ. ಟಕ್. ಅವತ್ತ ಸಂಜಿಗೆ ಬಲಗೈಲೆ ಒಂದೂವರಿ ರೊಟ್ಟಿ ತಿಂದಾ. ಮುಂದ ಹನ್ನೆರಡು ವರ್ಷ ಬದುಕಿದಾ, ಪಿಸ್ತೂಲು ಮಾತ್ರ ಮತ್ತ ನನ್ನ ಕೈಗೆ ಕೊಡಲಿಲ್ಲ.

ಆ ಕೆಂಪನ್ನ ಅರಿಬಿ ನಾ ಕಟ್ಟಿ ಮ್ಯಾಲೆ ಬಿಟ್ಟಿದ್ದೆ, ಮರುದಿನ ಇರಲಿಲ್ಲ. ಮುಂದಿನ ಮಹಾನವಮಿಗೆ ಅವ್ವ ಸಾಮಾನು ಸಾಲಾಗಿ ಇಟ್ಟಳು. ಎಲ್ಲಾ ಒಣಾ ಅರಿಬೀಲೆ ತಾನ ಒರಸಿದ್ದಳು, ಕೂರಿಗಿ ತಾಳು ಸೈತ ಮಿಂಚತಿತ್ತು. ವಿಭೂತಿ ಇಲ್ಲ, ಕುಂಕುಮಾ ಇಲ್ಲ. ಒಂದೊಂದಕ್ಕ ಒಂದೊಂದು ಚಂಡಹೂ ಇಟ್ಟು ಕೈ ಮುಗದಳು. ಎಣ್ಣಿ ಗಿಂಡಿ ಆಕಿ ಮತ್ತ ದೇವರ ಮನಿಗೆ ತರಲಿಲ್ಲ, ಸಾಯೂತನಕಾ.

ಹಂಗಂತ ಹೇಳಿದೆ. ಕೆಲಸಾ ಮಾಡೂ ಸಾಮಾನಕ್ಕ ಒರಸೂದ ಪೂಜಿ, ಹೂವು ಆಮ್ಯಾಲೆ. ಏಳು, ಒಣಾ ಅರಿಬಿ ತಗೊಂಬಾ, ಆ ಚೈನು ಮದಲ ಒರಸು.